ಸೀಟಿನೊಳಗಿನ ಚೀಟಿ

ಒದ್ದೆ ಹೊದಿಕೆಯ ಒಂದು ತುದಿ ಅತ್ತೆಯ ಕೈಯಲ್ಲಿದೆ, ಇನ್ನೊಂದು ಸೊಸೆಯ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ತಿರುಚಿ ನೀರು ಹಿಂಡುತ್ತಿದ್ದಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸೊಸೆಗೆ ಏನೋ ಹೊಳೆಯುತ್ತದೆ. ತನ್ನ ತುದಿಯನ್ನು ಬಕೆಟ್ಟಿಗೆ ಬಿಟ್ಟು, ಉಟ್ಟ ಬಟ್ಟೆಗೇ ಕೈ ಒರೆಸಿಕೊಳ್ಳುತ್ತಾ ಹಿತ್ತಲ ಶೆಡ್ಡಿನತ್ತ ನಡೆದೇಬಿಡುತ್ತಾರೆ.

“ಹೋದ್ಲು! ಅರ್ಧ ಹಿಂಡಿದ್ದನ್ನ ಹಿಡ್ಕೊಂಡು ನಾನೇನು ಬಾವುಟ ಹಾರಿಸ್ಲಾ?” ಅತ್ತೆ ಕೂಗುತ್ತಾರೆ.

“ಬಂದೆ ಅತ್ತೆ, ಒಂದೇ ನಿಮಿಷ.”

“ನಿನ್ನ ಒಂದು ನಿಮಿಷದಲ್ಲಿ ಬಟ್ಟೆ ತಾನಾಗೇ ಒಣಗತ್ತೆ ಬಿಡು.”

ಈ ಸೊಸೆಯನ್ನು ಬೀದಿಯವರೆಲ್ಲ ಕರೆಯುವುದು ಕಾರಕ್ಕ ಎಂದು. ಅವರ ಬಳಿ ಕಾರಿಲ್ಲ, ಓಡಿಸಲೂ ಬರುವುದಿಲ್ಲ. ಆದರೆ ತುಕ್ಕು ಹಿಡಿದ ಹಳೆಯ ಕಾರೊಂದು ಕಾರ್ಖಾನೆಯಿಂದ ಹೊರಬಿದ್ದ ದಿನ ಯಾವ ಬಣ್ಣದಲ್ಲಿತ್ತು, ಅದಕ್ಕೆ ರೇಡಿಯೊ ಇತ್ತೇ, ಅದನ್ನು ಬಾಡಿಗೆಗೆಂದು ಕಟ್ಟಿದ್ದರೇ ಇಲ್ಲವೇ ಮನೆಬಳಕೆಗೇ ಎಂದು ಹುಡುಕಿ ಹೇಳುವುದು ಅವರ ಕಸುಬು. ಕಾರು ಕಟ್ಟುವಾಗ ಒಂದೊಂದಕ್ಕೂ ಒಂದು ಚೀಟಿ ಇರುತ್ತಿತ್ತು. ಅದರಲ್ಲಿ ವಾಕ್ಯಗಳಿಲ್ಲ, ಬರೀ ಅಂಕಿ ಮತ್ತು ಅಕ್ಷರ. ಮೊದಲು ಕಾರಿನ ಕ್ರಮಸಂಖ್ಯೆ, ಆಮೇಲೆ ಬಣ್ಣಕ್ಕೊಂದು, ಎಂಜಿನ್ನಿಗೊಂದು, ಸೀಟಿನ ಬಟ್ಟೆಗೊಂದು. ಕೆಲಸ ಮುಗಿದ ಮೇಲೆ ಆ ಚೀಟಿಯನ್ನು ಕೆಲಸಗಾರರು ಸೀಟಿನ ಸ್ಪ್ರಿಂಗಿನೊಳಗೋ ಪೆಟ್ರೋಲ್ ಟ್ಯಾಂಕಿನ ಮೇಲೋ ತುರುಕಿಬಿಡುತ್ತಿದ್ದರು. ಕಾರ್ಖಾನೆ ಮುಚ್ಚಿತು, ದಫ್ತರುಗಳು ರದ್ದಿಗೆ ಹೋದವು. ಇಲಿ ತಿನ್ನದೆ ಬಿಟ್ಟ ಚೀಟಿಗಳಷ್ಟೇ ಈಗ ಸಾಕ್ಷಿ.

ಗಂಡ ಸೀಟು ಹೊಲಿಯುತ್ತಿದ್ದರು. ಹರಿದ ಸೀಟು ಬಿಚ್ಚಿದಾಗ ಬೀಳುತ್ತಿದ್ದ ಕಾಗದಗಳನ್ನು ಕಾರಕ್ಕ ಎತ್ತಿಡುತ್ತಿದ್ದರು, ಒಲೆಗೆ ಹಾಕಲು ಮನಸ್ಸು ಬಾರದೆ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೂ ಕಾಗದದ ರಾಶಿಯೂ ಅವರ ಪಾಲಿಗೆ ಬಂದವು. ಒಂದೇ ಬಟ್ಟೆಯ ಸೀಟುಗಳ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಯಾವ ಅಂಕಿ ಮತ್ತೆ ಮತ್ತೆ ಬರುತ್ತದೆಂದು ನೋಡುತ್ತಾ ಭಾಷೆ ಕಲಿತರು. ಈಗ ತಿಂಗಳಿಗೆ ಹತ್ತು ಹನ್ನೆರಡು ಮಂದಿ ಕೇಳಿಕೊಂಡು ಬರುತ್ತಾರೆ. ಅರ್ಧಕ್ಕರ್ಧ ಜನರಿಗೆ ಸಿಗುವ ಉತ್ತರ, “ಓದಕ್ಕಾಗಲ್ಲ.”

ಕಾರಕ್ಕ ಕೂತಲ್ಲಿ ಕೂರುವವರಲ್ಲ. ಮಾತಿನ ನಡುವೆ ಎದ್ದು ದೀಪ ಹಾಕುತ್ತಾರೆ, ಮತ್ತೆ ಆರಿಸುತ್ತಾರೆ. ಭೂತಗನ್ನಡಿಗಾಗಿ ಮೇಜೆಲ್ಲ ತಡಕುತ್ತಾರೆ; ಅದು ಕೊರಳಲ್ಲೇ ನೇತಾಡುತ್ತಿರುತ್ತದೆ. ಇತ್ತೀಚೆಗಂತೂ ಈ ಚಡಪಡಿಕೆ ವಿಪರೀತ. ಕಾರಣ, ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿರುವ ಲಕೋಟೆ. ವಿಳಾಸ ಬರೆದಾಗಿದೆ, ಅಂಚೆಚೀಟಿಯೂ ಅಂಟಿದೆ. ಹಾಕಲು ಕೈ ಬರುತ್ತಿಲ್ಲ. ತಿಂಗಳುಗಳೇ ಆದವು.

ಅದು ಒಬ್ಬ ಟೀಚರಮ್ಮನಿಗೆ ಬರೆದ ಉತ್ತರ. ಅವರ ತಂದೆ ಟ್ಯಾಕ್ಸಿ ಓಡಿಸಿ ಮಕ್ಕಳನ್ನು ಓದಿಸಿದವರು. ಕಾಯಿಲೆ ಬಿದ್ದಾಗ ಕಾರು ಮಾರಿದ್ದರು. ಅದೇ ಮಾದರಿಯ ಕಾರೊಂದು ಗುಜರಿ ಅಂಗಳದಲ್ಲಿ ಟೀಚರಮ್ಮನ ಕಣ್ಣಿಗೆ ಬಿದ್ದಿದೆ. ಕಾರ್ಖಾನೆಯ ಕ್ರಮಸಂಖ್ಯೆ ಹೊಡೆದ ತಗಡು ತುಕ್ಕಿಗೆ ಉದುರಿ ಹೋಗಿದೆ. ತಂದೆಯದಾದರೆ ಕೊಂಡು ಮನೆಗೆ ತರಬೇಕು, ಅಲ್ಲವಾದರೆ ಬಿಟ್ಟುಬಿಡಬೇಕು. “ಏನೇ ಇರ್ಲಿ, ಬರೆದು ಕೊಡಿ” ಎಂದಿದ್ದಾರೆ. ಗುಜರಿಯವನು ಈ ವಾರ ಕಳೆದರೆ ಕಾಯುವುದಿಲ್ಲ, ಕತ್ತರಿಸುತ್ತಾನೆ.

ಕಾರಕ್ಕ ತಾವೇ ಹೋಗಿ ಹಿಂದಿನ ಸೀಟು ಬಿಚ್ಚಿದ್ದರು. ಚೀಟಿ ಸಿಕ್ಕಿತು. ತಂದೆಯ ಹಳೆಯ ಪರವಾನಗಿಯಲ್ಲಿ ಕಾರಿನ ಕ್ರಮಸಂಖ್ಯೆ ಹದಿನೆಂಟರಲ್ಲಿ ಮುಗಿಯುತ್ತದೆ. ಚೀಟಿಯಲ್ಲಿ ಹದಿನೇಳು. ಅದರ ಪ್ರಕಾರ ತಿಳಿನೀಲಿ ಬಣ್ಣ, ರೇಡಿಯೊ, ಮನೆಬಳಕೆ. ಹಾಗಾಗಿ ‘ಇದು ನಿಮ್ಮ ತಂದೆಯವರ ಕಾರಲ್ಲ’ ಎಂದು ಬರೆದರು.

“ಬರೆದೆ, ಆದ್ರೆ ಮನಸ್ಸು ಒಪ್ಲಿಲ್ಲ,” ಎನ್ನುತ್ತಾರೆ ಕಾರಕ್ಕ, ಶೆಡ್ಡಿನಲ್ಲಿ ಅತ್ತಿಂದಿತ್ತ ನಡೆಯುತ್ತಾ. “ಬಾಗಿಲ ರಬ್ಬರಿನಡಿ ಕೆರೆದ್ರೆ ಟ್ಯಾಕ್ಸಿಯ ಕಪ್ಪು ಬಣ್ಣ. ಸರಿ, ಬಣ್ಣ ಯಾರಾದ್ರೂ ಬಳೀಬಹುದು. ರೇಡಿಯೊ ಇತ್ತು ಅಂತಾದ್ರೆ ಆಂಟೆನಾ ತೂತೆಲ್ಲಿ? ಮುಚ್ಚಿದ್ರೂ ಬೆಸುಗೆ ಗುರುತು ಇರ್ಬೇಕಲ್ವಾ? ಭಾರ ಹೊರಕ್ಕೆ ಹಿಂದಿನ ಚಕ್ರದ ಸ್ಪ್ರಿಂಗ್ ಪಟ್ಟಾಗಳಲ್ಲಿ ಒಂದೊಂದು ಪಟ್ಟಿ ಜಾಸ್ತಿ ಬೇರೆ. ಕಬ್ಬಿಣ ಟ್ಯಾಕ್ಸಿ ಅನ್ನತ್ತೆ, ಕಾಗದ ಅಲ್ಲ ಅನ್ನತ್ತೆ. ನಾನು ಯಾರ ಮಾತು ಕೇಳ್ಲಿ? ಆ ಹೆಣ್ಣುಮಗಳಿಗೆ ಆಸೆ ಇದೆ ಅಂತ ಹೌದು ಅಂದ್ಬಿಡಕ್ಕಾಗತ್ತಾ?”

ಬಟ್ಟೆ ಹಿಂಡುವಾಗ ಹೊಳೆದದ್ದೇನು ಎಂದರೆ, ಹದಿನೇಳನ್ನು ತಾವೇ ತಪ್ಪು ಓದಿರಬಹುದು ಎಂದು. ಭೂತಗನ್ನಡಿ ಹಿಡಿದು ನೋಡುತ್ತಾರೆ. ಹದಿನೇಳೇ.

“ಯಾವನೋ ಕೆಲಸಗಳ್ಳ,” ಎಂದು ಕಾರಕ್ಕ ಮೇಜು ಕುಟ್ಟುತ್ತಾರೆ. “ಕಣ್ಮುಚ್ಚಿ ಕೈಗೆ ಸಿಕ್ಕಿದ ಚೀಟಿ ತುರುಕಿದಾನೆ. ನಾನಿಲ್ಲಿ ಸಾಯ್ತಿದೀನಿ.”

ಬಕೆಟ್ಟು ಹಿಡಿದು ಬಾಗಿಲಿಗೆ ಬಂದಿದ್ದ ಅತ್ತೆ ಅಲ್ಲೇ ನಿಂತುಬಿಡುತ್ತಾರೆ. ಅತ್ತೆ ಪ್ರಾಯದಲ್ಲಿ ಅದೇ ಕಾರ್ಖಾನೆಯ ಸೀಟು ವಿಭಾಗದಲ್ಲಿ ದುಡಿದವರು. ಆದರೆ ಮುಚ್ಚಿದ ದಿನ ಎಲ್ಲರನ್ನೂ ಗೇಟಿನಾಚೆ ನಿಲ್ಲಿಸಿ, ಕಳ್ಳರಂತೆ ಚೀಲ ತಡಕಿ ಕಳಿಸಿದ್ದರು. ಅಂದಿನಿಂದ ಆ ಜಾಗದ ಮಾತು ಈ ಮನೆಯಲ್ಲಿ ಎತ್ತುವಂತಿರಲಿಲ್ಲ. ಸೊಸೆ ಎತ್ತಿಯೂ ಇರಲಿಲ್ಲ.

“ಯಾರನ್ನೇ ಕೆಲಸಗಳ್ಳ ಅಂದಿದ್ದು?”

“ನಿಮ್ಮನ್ನಲ್ಲ ಅತ್ತೆ...”

“ಸೀಟು ಕಟ್ಟಿದೋರು ಇನ್ಯಾರು, ನಿಮ್ಮಪ್ಪನಾ? ಬಟ್ಟೆ ಬಣ್ಣ ಸರಿ ಇದೆಯಾ ಅಂತ, ಸೀಟಿಗೆ ಅದನ್ನ ಬಿಗಿಯೋ ಕೊನೇ ಕೊಕ್ಕೆ ಹಾಕೋವರೆಗೂ ಚೀಟಿ ನೋಡ್ತಾನೇ ಇರ್ಬೇಕು. ಕೊಕ್ಕೆ ಹಾಕಿದ ಮೇಲೆ ಸೀಟು ಮುಚ್ಚೋಯ್ತು. ಚೀಟಿ ಕೈಯಲ್ಲೇ ಉಳೀತು. ಎಲ್ಲಿ ಹಾಕೋದು? ನೆಲಕ್ಕೆ ಹಾಕಿದ್ರೆ ಮೇಸ್ತ್ರಿ ಬೈತಾನೆ, ಕಸದ ಡಬ್ಬಿ ಆ ತುದೀಲಿದೆ, ಎದ್ದು ಹೋಗೋ ಹಾಗಿಲ್ಲ. ಮುಂದಿನ ಸೀಟು ಬಾಯಿ ತೆಕ್ಕೊಂಡು ಪಕ್ಕದಲ್ಲೇ ಬಿದ್ದಿರ್ತಿತ್ತು. ಅದಕ್ಕೆ ಹಾಕ್ತಿದ್ವಿ. ನಾನೊಬ್ಳೇ ಅಲ್ಲ, ಎಲ್ರೂ.”

ಕಾರಕ್ಕ ಮೊದಲ ಬಾರಿಗೆ ಅಲುಗಾಡದೆ ನಿಲ್ಲುತ್ತಾರೆ. “ಅಂದ್ರೆ ಹದಿನೇಳರ ಚೀಟಿ...”

“ಹದಿನೆಂಟರ ಸೀಟಲ್ಲಿ. ಇದನ್ನ ನನ್ನ ಕೇಳೋದು ಬಿಟ್ಟು ಇಷ್ಟು ದಿನ ಗೋಡೆ ನೋಡ್ತಾ ಕೂತಿದ್ಯಲ್ಲ!”

“ಕೇಳಿದ್ರೆ ನೀವು ಪಾತ್ರೆ ಎಸೀತಿದ್ರಿ ಅತ್ತೆ.”

“ಎಸೀತಿದ್ದೆ. ಆಮೇಲೆ ಹೇಳ್ತಿದ್ದೆ.”

ಮೇಲಿನ ಹಲಗೆಯಿಂದ ಒಂದು ಕಟ್ಟು ಕೆಳಗಿಳಿಯುತ್ತದೆ. ಕಾರಿನ ತಗಡಿನ ಸಂಖ್ಯೆಗೂ ಹಿಂದಿನ ಸೀಟಿನಲ್ಲಿ ಸಿಕ್ಕ ಚೀಟಿಗೂ ತಾಳೆಯಾಗದೆ ಉಳಿದವು ಅವೆಲ್ಲ. ಕಾರಕ್ಕ ಒಂದೊಂದಾಗಿ ಓದುತ್ತಾರೆ. ತಗಡಿಗಿಂತ ಚೀಟಿ ಒಂದು ಕಡಿಮೆ. ಇನ್ನೊಂದೂ ಒಂದು ಕಡಿಮೆ. ಮತ್ತೊಂದೂ ಹಾಗೇ. ಒಂದರಲ್ಲಿ ಮಾತ್ರ ಮೂರು ಕಡಿಮೆ.

“ಅದು ನನ್ನ ಎದುರು ಬೆಂಚಿನವಳ ಕೆಲಸ,” ಎನ್ನುತ್ತಾರೆ ಅತ್ತೆ. “ಅವಳಿಗೆ ಮಾತು ಜಾಸ್ತಿ.”

ಗೋಡೆಯ ಲಕೋಟೆ ಹರಿದು ಬುಟ್ಟಿಗೆ ಬೀಳುತ್ತದೆ. ಕಾರಕ್ಕ ಹೊಸ ಹಾಳೆ ತೆಗೆದು ನಿಂತೇ ಬರೆಯುತ್ತಾರೆ. ಆಂಟೆನಾ ತೂತಿಲ್ಲ, ಪಟ್ಟಿ ಹೆಚ್ಚಿದೆ, ತಳದ ಬಣ್ಣ ಕಪ್ಪು. ಚೀಟಿ ಹಿಂದಿನ ಕಾರಿನದು, ಅದಕ್ಕೆ ಕಾರಣ ಇಂಥದ್ದು, ಹೇಳಿದವರು ಸೀಟು ಕಟ್ಟಿದವರು. ‘ಇದು ನಿಮ್ಮ ತಂದೆಯವರ ಕಾರೇ ಎಂದು ನಂಬುತ್ತೇನೆ. ತಗಡು ಇಲ್ಲದ್ದರಿಂದ ಆಣೆ ಇಟ್ಟು ಹೇಳಲಾರೆ.’ ಕೊನೆಯ ವಾಕ್ಯವನ್ನು ಹೊಡೆದುಹಾಕಲು ಒಮ್ಮೆ ಪೆನ್ನು ಎತ್ತುತ್ತಾರೆ, ಹಾಗೇ ಬಿಡುತ್ತಾರೆ. “ಅದಿದ್ರೇನೇ ಮೇಲೆ ಬರೆದಿದ್ದೆಲ್ಲಾ ನಿಜ,” ಎನ್ನುತ್ತಾರೆ.

ಫೋನಿನಲ್ಲಿ ಗುಜರಿಯವನಿಗೆ ವಾರ ಕಳೆದ ಮೇಲೂ ಇನ್ನೆರಡು ದಿನ ಕತ್ತರಿ ಇಡಬೇಡ ಎಂದು ಹೇಳಿಯೂ ಆಯಿತು. ಅವನು ಗೊಣಗಿಕೊಂಡು ಒಪ್ಪಿದ. ಅಂಚೆ ಡಬ್ಬಿ ಬೀದಿಯ ತಿರುವಿನಲ್ಲಿದೆ. ಸಾಮಾನ್ಯವಾಗಿ ಮನೆ ಬಿಟ್ಟು ಕದಲದ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದಿದ್ದಾರೆ, ಏದುಸಿರು ಬಿಡುತ್ತಾ. ಲಕೋಟೆ ಡಬ್ಬಿಯ ಬಾಯಿಗೆ ತಾಗುವ ಹೊತ್ತಿಗೆ ಸೊಸೆಯ ಕೈ ಹಿಡಿಯುತ್ತಾರೆ.

“ನೀನು ಬಿಚ್ಚಿದಾಗ ಕೊಕ್ಕೆ ಯಾವುದಾದ್ರೂ ಸಡಿಲ ಇತ್ತಾ?”

“ಒಂದೂ ಇರ್ಲಿಲ್ಲ ಅತ್ತೆ. ಇಕ್ಕಳ ಹಾಕಿ ಕೀಳ್ಬೇಕಾಯ್ತು.”

“ಅಂದ್ರೆ ಕಾರ್ಖಾನೆ ಬಿಟ್ಟ ಮೇಲೆ ಆ ಸೀಟು ಯಾರೂ ಬಿಚ್ಚಿಲ್ಲ. ಅದನ್ನ ಬರೆದಿದೀಯಾ?”

ಕಾರಕ್ಕ ಲಕೋಟೆಯನ್ನು ತಿರುಗಿಸಿ ಡಬ್ಬಿಗೇ ಒತ್ತಿ ಹಿಡಿದು, ಹಿಂಬದಿಯ ಅಂಟಿಸಿದ ಮಡಿಕೆಯ ಮೇಲೆ ಒಂದು ಸಾಲು ಬರೆಯುತ್ತಾರೆ. ಅತ್ತೆ ಅದನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ತುಟಿ ಅಲುಗಿಸುತ್ತಾ ಪೂರ್ತಿ ಓದುತ್ತಾರೆ. ಆಮೇಲೆ ತಾವೇ ಡಬ್ಬಿಯೊಳಗೆ ಹಾಕುತ್ತಾರೆ.