ಕೆಂಪು ದೀಪ ಹತ್ತುವವರೆಗೆ

ವರ್ನಾ ಬುಧವಾರ ತೀರಿಕೊಂಡಳು. ಶಾಲೆಯಲ್ಲಿ ಗುಂಡೇಟಿಗೆ ಮೊಮ್ಮಗಳು ಹೋದಮೇಲೆ, ಬಂದೂಕು ಕಾಯ್ದೆಯ ಬಗ್ಗೆ ಜನರ ಅಹವಾಲು ಕೇಳುವಾಗಲೆಲ್ಲ ಶಾಸನಸಭೆಗೆ ಬಂದು ಕೂರುವ ಅಜ್ಜಿಯರಲ್ಲಿ ಅವಳೂ ಒಬ್ಬಳು. ಬಾಗಿಲಲ್ಲಿ ಕಾವಲಿನವನು ಅವಳ ಹೆಣಿಗೆ ಕಡ್ಡಿಗಳನ್ನು ತೆಗೆದಿಟ್ಟುಕೊಂಡು, ಬಂದೂಕಿನ ಪರ ವಾದಿಸಲು ಬಂದ ಹಾರ್ಲನ್‌ನನ್ನು, ಪರವಾನಗಿ ಇದೆಯೆಂದು, ಸೊಂಟದ ಪಿಸ್ತೂಲಿನ ಸಮೇತ ಒಳಗೆ ಬಿಡುತ್ತಿದ್ದ. "ನನ್ನ ಕಡ್ಡಿಗೆ ಎಷ್ಟು ಹೆದರ್ತಾರೆ ನೋಡಪ್ಪ!" ಎಂದು ನಗುತ್ತ ಅವಳು ಆ ಹಾರ್ಲನ್‌ಗೇ ನಿಂಬೆ ಕೇಕು ಕೊಡುತ್ತಿದ್ದಳು. "ಕೇಕು ಕೊಟ್ರೆ ಪಿಸ್ತೂಲು ಬಿಡ್ತೀನಾ ಅಜ್ಜಿ?" ಎನ್ನುತ್ತ ಅವನು ದೊಡ್ಡ ತುಂಡನ್ನೇ ಎತ್ತಿಕೊಳ್ಳುತ್ತಿದ್ದ. ಅಲ್ಲಿ ಒಬ್ಬೊಬ್ಬರ ಮಾತಿಗೆ ಎರಡೇ ನಿಮಿಷ, ಆಮೇಲೆ ಕೆಂಪು ದೀಪ. ಮೊಟ್ಟೆ ಬೇಯಿಸುವ ಗಡಿಯಾರವಿಟ್ಟು ಅಡುಗೆಮನೆಯಲ್ಲಿ ಎಷ್ಟು ಅಭ್ಯಾಸ ಮಾಡಿದರೂ, ಬಂದೂಕಿಗೆ ಬೀಗ, ಕೊಳ್ಳುವವರ ವಯಸ್ಸು ಎಂದೆಲ್ಲ ಹೇಳುವಷ್ಟರಲ್ಲಿ ದೀಪ ಹತ್ತುತ್ತಿತ್ತು. ಕೊನೆಗೆಂದು ಉಳಿಸಿಕೊಂಡ ಮಗುವಿನ ಹೆಸರು ಬಾಯಲ್ಲೇ ಉಳಿಯುತ್ತಿತ್ತು. "ಇವತ್ತೂ ಹೆಸರು ಹೇಳಕ್ಕಾಗ್ಲಿಲ್ಲ ಕಣೇ. ಅವರು ಒಂದ್ಸಲ ಕೇಳಿಸ್ಕೋಬೇಕಿತ್ತು," ಎಂದು ವಾಪಸು ಬರುವಾಗ ಕಾರು ಓಡಿಸುತ್ತಿದ್ದ ನನ್ನ ಮುಂದೆ ಹಲುಬುತ್ತಿದ್ದಳು. ಸಾಯುವ ಹಿಂದಿನ ದಿನವೂ ಹೋಗಿದ್ದೆವು. ಮೈಕಿನ ಮುಂದೆ ನಿಂತು, "ಆನಿಕಾ," ಎಂದಳು. ಮತ್ತೇನೂ ಹೇಳದೆ, ದೀಪ ಕೆಂಪಾಗುವವರೆಗೆ ಹಾಗೆಯೇ ನಿಂತಿದ್ದಳು.