ಮಲ್ಲುವಿನ ಬೆರಳು

ಗೌರಿಯ ಎಡಗಣ್ಣು ಹೋದದ್ದು ನನ್ನ ಕೈಕೆಲಸದಿಂದ. ಹೀಗೆ ಬರೆದುಬಿಟ್ಟೆ, ಆದರೆ ಅಂದು ನಿಜವಾಗಿ ಏನು ನಡೆಯಿತೆಂದು ನನಗೆ ಖಚಿತವಿಲ್ಲ. ಎಷ್ಟೋ ಸಲ ನೆನೆದು ನೆನೆದು ಆ ಮಧ್ಯಾಹ್ನವನ್ನೇ ಸವೆಸಿದ್ದೇನೆ; ಯಾವುದು ಕಂಡದ್ದು, ಯಾವುದು ಆಮೇಲೆ ಕಟ್ಟಿಕೊಂಡದ್ದು — ಬೇರ್ಪಡಿಸಲಾರೆ. ಆದರೆ ನಾನು ಆಡಿದ ಮಾತು ನೆನಪಿದೆ. ಅದನ್ನು ಮರೆಯಲು ಪ್ರಯತ್ನಿಸಿಯೂ ಆಗಲಿಲ್ಲ.

ಶಿವಮಲ್ಲು ಮೈಸೂರಿನಲ್ಲಿ ಓದುವಾಗ ನನ್ನ ಕೋಣೆಯ ಜೊತೆಗಾರ. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕೊಳ್ಳೇಗಾಲದಲ್ಲಿ ಮನೆ ಮಾಡಿ, ದಿನವೂ ಹನೂರಿಗೆ ಬಸ್ಸಿನಲ್ಲಿ ಹೋಗಿ ಪಾಠ ಹೇಳುವವನಾದೆ. ಅವನು ವ್ಯಾಯಾಮದ ಮೇಷ್ಟ್ರಾಗಿ ತನ್ನೂರು ಅಗರಕ್ಕೆ ಮರಳಿದ. ಗೌರಿ ಅವನ ಹೆಂಡತಿ. ಗುರಿ ಹೊಡೆಯುವ ಸ್ಪರ್ಧೆಗಳ ಹುಚ್ಚು ಅವನಿಗೆ. ಅದಕ್ಕೆಂದು ಒಂದು ಗಾಳಿ ಪಿಸ್ತೂಲು ಕೊಂಡಿದ್ದ, ಸಣ್ಣ ಸೀಸದ ಗುಂಡು ಹಾರಿಸುವಂಥದ್ದು. ಅದರ ಟ್ರಿಗರ್ ಬಿಗಿ.

"ಒತ್ತೋ ಒತ್ಗೆ ಗುರಿ ಎತ್ಲಾಗೋ ಓಯ್ತದೆ ಕಣ್ಲಾ. ಟ್ರಿಗರ್ ಅಲ್ಲ ಇದು, ನಮ್ಮಪ್ಪನ್ ಮೊಂಡೆತ್ತು" ಎನ್ನುತ್ತಿದ್ದ.

ಹಗುರ ಮಾಡಿಕೊಡುತ್ತೇನೆಂದು ನಾನೇ ಹೇಳಿದೆ. ಅವನು ಕೇಳಿರಲಿಲ್ಲ. ಒಂದು ವಿಡಿಯೊ ನೋಡಿದ್ದೆ. ಹೊಸ ಟ್ರಿಗರ್ರನ್ನೂ ಅದರ ಸ್ಪ್ರಿಂಗನ್ನೂ ತರಿಸಿದ್ದೆ. ಸಣ್ಣ ಸ್ಕ್ರೂಡ್ರೈವರ್, ಅಲೆನ್ ಕೀ, ಪಿನ್ನು ತಳ್ಳಲು ಒಂದು ಪಂಚು, ಪುಟ್ಟ ಸುತ್ತಿಗೆ, ಹಿಡಿದಿಡಲು ಬೈಸು — ಮನೆಯಲ್ಲೇ ಮಾಡುವ ಕೆಲಸಕ್ಕೆ ಇಷ್ಟು ಸಾಕೆಂದು ವಿಡಿಯೊದವನು ಹೇಳಿದ್ದ. ನಮ್ಮಲ್ಲಿ ಇಷ್ಟೂ ಇರಲಿಲ್ಲ. ಪಂಚಿನ ಬದಲು ಸೈಕಲ್ಲಿನ ಕಡ್ಡಿ, ಬೈಸಿನ ಬದಲು ಮಲ್ಲುವಿನ ಮೊಣಕಾಲುಗಳು. ಜಗಲಿಯ ಮೇಲೆ ತಲೆಗೆ ತಲೆ ತಾಗಿಸಿ ಕೂತಿದ್ದ ನಮ್ಮನ್ನು ನೋಡಿ ಗೌರಿ ನಕ್ಕಳು.

"ಇದ್ಯಾಕಣ್ಣ, ಇಬ್ರೂ ಕೋಳಿ ಪುಕ್ಕ ತರಿಯೋರಂಗೆ ಕುಂತಿದ್ದೀರಿ?"

"ನಗ್ಬ್ಯಾಡ ಕಣಮ್ಮಿ, ಎಂ.ಎ. ಓದಿರೋ ಮೇಸ್ತ್ರಿ ಇವ್ನು" ಎಂದ ಮಲ್ಲು.

"ಸದ್ಯ, ಓದಿದ್ಕೆ ಒಂದ್ ಕ್ಯಾಮೆ ಸಿಕ್ತು ಬುಡಿ!"

ಟ್ರಿಗರ್ ಹಗುರವಾಯಿತು. ಗೋಡೆಯ ಕಡೆಗೆ ಒಮ್ಮೆ ಹಾರಿಸಿ ಮಲ್ಲು ಮಗುವಿನಂತೆ ಹಿಗ್ಗಿದ. ಅಲ್ಲಿಗೆ ಕೆಲಸ ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಗುಂಡಿಲ್ಲದೆ ಪಿಸ್ತೂಲನ್ನು ಹಾರಿಸಲು ಸಜ್ಜುಮಾಡಿ, ಟ್ರಿಗರ್ ಮುಟ್ಟದೆ ಮೆಲ್ಲನೆ ತಟ್ಟಿ ನೋಡಬೇಕು, ಆ ಅಲುಗಾಟಕ್ಕೇ ಹಾರಿದರೆ ಹಳೆಯ ಟ್ರಿಗರ್ರನ್ನೇ ಮತ್ತೆ ಹಾಕಬೇಕು ಎಂಬುದು ವಿಡಿಯೊದ ಕೊನೆಯಲ್ಲಿತ್ತು. ಅದನ್ನು ನಾನು ಆಗಲೇ ನೋಡಿದ್ದೆನೋ, ಆಮೇಲೆ ನೋಡಿದೆನೋ? ಗೌರಿ ಊಟಕ್ಕೆ ಕರೆದಳೆಂದು ಅಲ್ಲಿಗೇ ನಿಲ್ಲಿಸಿದ ಹಾಗೆ ನೆನಪು. ಪೂರ್ತಿ ನೋಡಿ, ಇದೆಲ್ಲ ಅತಿಯಾಯಿತು ಎಂದುಕೊಂಡ ಹಾಗೂ ನೆನಪು. ಎರಡೂ ಅಷ್ಟೇ ಸ್ಪಷ್ಟ. ಹೇಗಿದ್ದರೂ — ತಟ್ಟಿ ನೋಡಲಿಲ್ಲ.

ಕೆಲವೇ ದಿನಕ್ಕೆ ಆಯುಧ ಪೂಜೆ. ನನ್ನನ್ನೂ ಕರೆದಿದ್ದರು. ಮೊರದಲ್ಲಿ ಕುಡುಗೋಲು, ಮಚ್ಚು, ಪಂಪ್‌ಸೆಟ್ಟಿನ ಸ್ಪ್ಯಾನರ್, ಮಲ್ಲುವಿನ ಸೀಟಿ, ಎಲ್ಲಕ್ಕೂ ವಿಭೂತಿ ಬಳಿದಿತ್ತು. ಅವರ ಮನೆಯಲ್ಲಿ ಅಂದು ಯಾವುದನ್ನೂ ಬರಿದಾಗಿ ಇಡುವುದಿಲ್ಲ. ಕಾಳು ಅಳೆಯುವ ಬಳ್ಳದಲ್ಲಿ ರಾಗಿ ತುಂಬಿರಬೇಕು, ಔಷಧಿ ಹೊಡೆಯುವ ಡಬ್ಬಿಯಲ್ಲಿ ನೀರು, ಸ್ಕೂಟರಿನಲ್ಲಿ ಪೆಟ್ರೋಲು. ಹಾಗೆಯೇ ಮಲ್ಲು ಪಿಸ್ತೂಲಿಗೆ ಒಂದು ಗುಂಡು ಹಾಕಿ ಸಜ್ಜುಮಾಡಿದ.

"ದೇವರಿಗೂ ಗುಂಡು ಬೇಕೇನೋ?" ಎಂದು ಗೇಲಿ ಮಾಡಿದೆ. ತಡೆಯಲಿಲ್ಲ, ಗೇಲಿಯಷ್ಟೇ ಮಾಡಿದೆ.

"ಬರಿದು ಇಡ್ಬಾರ್ದು ಕಣ್ಲಾ. ನಿಂಗೇನ್ ಗೊತ್ತು, ಸುಮ್ಕಿರು."

ಮೊರದಲ್ಲಿ ಇಟ್ಟ. ಆಚೆ ಬದಿಯಲ್ಲಿ ಗೌರಿ ಬಗ್ಗಿ ಕರ್ಪೂರ ಜೋಡಿಸುತ್ತಿದ್ದಳು. ಟಪ್ ಎಂದು ಒಂದು ಸದ್ದು — ಅಷ್ಟೇ, ದೊಡ್ಡ ಸದ್ದೂ ಅಲ್ಲ. ಅವಳು ಕೂಗಲಿಲ್ಲ, ಕಣ್ಣಿಗೆ ಕೈ ಒತ್ತಿಕೊಂಡು ಹಾಗೇ ಕೂತುಬಿಟ್ಟಳು.

ಮಲ್ಲು ತನ್ನ ಬಲಗೈಯನ್ನೇ ನೋಡುತ್ತಿದ್ದ. "ನಾನ್ ಒತ್ತುದ್ನಾ? ನಾನ್ ಒತ್ತುದ್ನೇನ್ಲಾ?"

ಆಗ ಹೇಳಿದೆ: "ಬೆರಳು ಅದರ ಮೇಲೇ ಇತ್ತು ಮಲ್ಲು. ನಾನು ನೋಡಿದೆ."

ನೋಡಿದ್ದೆನೇ? ಈಗ ಕಣ್ಣು ಮುಚ್ಚಿದರೆ ಆ ಬೆರಳು ಕಾಣುತ್ತದೆ. ಆದರೆ ಹೇಳಿದ ಮೇಲೆ ಕಾಣಲು ಶುರುವಾದದ್ದೋ, ಕಂಡದ್ದಕ್ಕೆ ಹೇಳಿದ್ದೋ... ಒಂದಂತೂ ಒಪ್ಪಿಕೊಳ್ಳಬೇಕು. ಆ ಮಾತು ಆಡುವ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಗೌರಿಯಲ್ಲ, ಮಲ್ಲುವೂ ಅಲ್ಲ — ಸೈಕಲ್ ಕಡ್ಡಿ.

ಮೈಸೂರಿನ ಡಾಕ್ಟರು ಕಣ್ಣು ಉಳಿಯುವುದಿಲ್ಲವೆಂದರು. ಊರವರು, ನೆಂಟರು ಎಲ್ಲರೂ ಒಂದೇ ಮಾತು ಕೇಳಿದರು: ಪೂಜೆಗೆ ಇಡುವುದಕ್ಕೆ ಗುಂಡು ಯಾಕೆ ತುಂಬಿದ? ಅದು ತಪ್ಪೇ, ನಿಜ. ನನಗೆ ಅಡಗಿಕೊಳ್ಳಲು ಆ ನಿಜವೇ ಸಾಕಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಹೆಸರು ಹೇಳದೆ, ತರಗತಿಯಲ್ಲಿ ಇದನ್ನೇ ಉದಾಹರಣೆ ಮಾಡಿದೆ. ಕುರುಡು ನಂಬಿಕೆ ಒಂದು ಹೆಣ್ಣಿನ ಕಣ್ಣು ತೆಗೆಯಿತು ನೋಡಿ ಎಂದು, ವರ್ಷ ವರ್ಷವೂ, ಹೊಸ ಹುಡುಗರ ಮುಂದೆ. ಅವರು ಬರೆದುಕೊಳ್ಳುತ್ತಿದ್ದರು. ಯಾವುದನ್ನೂ ಪರೀಕ್ಷಿಸದೆ ಒಪ್ಪಬೇಡಿ ಎಂದು ಕೊನೆಗೆ ಹೇಳುತ್ತಿದ್ದೆ... ಇದನ್ನು ಬರೆಯುವಾಗ ಮುಖ ಎತ್ತಲಾಗುತ್ತಿಲ್ಲ.

ಪಿಸ್ತೂಲನ್ನು ಟವೆಲ್ಲಿನಲ್ಲಿ ಸುತ್ತಿ ಮಲ್ಲು ನನಗೇ ಕೊಟ್ಟಿದ್ದ. "ತಕಂಡೋಗು. ನನ್ ಕಣ್ಮುಂದ್ ಇರ್ಕೂಡ್ದು." ಆವತ್ತಿನಿಂದ ಅದು ನನ್ನ ಬೀರುವಿನಲ್ಲಿತ್ತು. ಎಲ್ಲವನ್ನೂ ಅನುಮಾನಿಸುವ ನಾನು ಆ ಟವೆಲ್ ಬಿಚ್ಚಲಿಲ್ಲ.

ಕಳೆದ ತಿಂಗಳು ಹನೂರಿನ ಬಸ್ಸಿನಲ್ಲಿ ಗೌರಿ ಸಿಕ್ಕಳು, ತವರಿಗೆ ಹೊರಟಿದ್ದಳು. ಪಕ್ಕದಲ್ಲೇ ಕೂರಿಸಿಕೊಂಡಳು. ಕಾಮಗೆರೆ ದಾಟುವವರೆಗೆ ಅದೂ ಇದೂ ಮಾತಾಡಿದಳು. ಆಮೇಲೆ ದನಿ ತಗ್ಗಿಸಿದಳು.

"ಅಣ್ಣ, ಒಂದ್ ಕೇಳ್ಲಾ? ಅವ್ರು ಇವತ್ಗೂ ಕೈಲಿ ಒಂದ್ ಚಾಕು ಇಡ್ಯಲ್ಲ. ಮಾವಿನಣ್ಣು ಕುಯ್ಯಾಕೂ ನನ್ನೇ ಕರೀತರೆ. ಕುಂತ್ಕಡೆ ಬಲಗೈ ಬೆಳ್ಳೇ ನೋಡ್ಕಂತ ಕುಂತಿರ್ತರೆ. ನಾನ್ ಬಗ್ಗಿದ್ದೆ, ನಂಗ್ ಕಾಣ್ನಿಲ್ಲ. ಕಂಡೋರು ನೀವೊಬ್ರೇ. ಬೆಳ್ಳು ಇತ್ತಾ ಅಲ್ಲಿ, ನಿಜ್ವಾಗ್ಲೂ?"

ಹೇಳಬಹುದಿತ್ತು. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. "ಇತ್ತು" ಎಂದೆ.

"ಓಗ್ಲಿ ಬುಡಿ" ಎಂದು ಕಿಟಕಿಯ ಕಡೆ ತಿರುಗಿದಳು. ನನ್ನ ಕಡೆ ಇದ್ದದ್ದು ಅವಳ ಎಡಗಣ್ಣು. ಅದು ನನ್ನನ್ನು ನೋಡಲಾರದೆಂದು ಗೊತ್ತಿದ್ದೂ ನಾನು ಮುಖ ತಿರುಗಿಸಿಕೊಂಡೆ.

ಮೊದಲ ಸುಳ್ಳಿಗೆ ಗಾಬರಿಯ ನೆಪವಾದರೂ ಇತ್ತು. ಎರಡನೆಯದಕ್ಕೆ ಯಾವ ನೆಪವೂ ಇಲ್ಲ, ಹುಡುಕುವುದೂ ಇಲ್ಲ. ಭಾನುವಾರ ಅಗರಕ್ಕೆ ಹೋಗುತ್ತೇನೆ. ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಮಲ್ಲು ಹೊಡೆಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಎಲ್ಲಕ್ಕಿಂತ ಹೆದರಿಕೆ — ಅವನು ನಂಬದೇ ಹೋಗಬಹುದು. ಇಷ್ಟು ವರ್ಷ ಆ ಬೆರಳನ್ನು ನೋಡಿದವನು ಅವನು. ಅದಕ್ಕೇ, ನನ್ನ ನೆನಪನ್ನು ಅವನ ಮುಂದಿಡಲು ಹೋಗುತ್ತಿಲ್ಲ. ಅದು ಯಾವ ಕೆಲಸಕ್ಕೂ ಬಾರದು. ನಿನ್ನೆ ಟವೆಲ್ ಬಿಚ್ಚಿದೆ. ಗುಂಡಿಲ್ಲವೆಂದು ಮತ್ತೆ ಮತ್ತೆ ನೋಡಿ ಸಜ್ಜುಮಾಡಿದೆ. ಹಿಡಿಯನ್ನಷ್ಟೇ ಹಿಡಿದು, ಬೆರಳುಗಳನ್ನೆಲ್ಲ ಟ್ರಿಗರ್ರಿನಿಂದ ದೂರವಿಟ್ಟು, ಅವನು ಇಟ್ಟ ಹಾಗೆಯೇ ಮೊರದಲ್ಲಿ ಇಟ್ಟೆ. ಮೊದಲ ಸಲ ಏನೂ ಆಗಲಿಲ್ಲ. ನಾಚಿಕೆಯ ಮಾತು, ನನಗೆ ಸಮಾಧಾನವಾಯಿತು. ಇನ್ನೊಮ್ಮೆ ಇಟ್ಟೆ.

ಯಾರೂ ಒತ್ತದೆ ಅದು ಹಾರಿತು.