ಸಡಿಲ ಮಾಸ್ಟರ್ ಬಿಗಿಯಾಗಿ ಹೊಲಿದದ್ದು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಸಡಿಲ ಮಾಸ್ಟರ್ ಅಂದರೆ ಸಾಕು, ಚಿಕ್ಕ ಮಕ್ಕಳೂ ಮನೆ ಮುಂದಿನ ಕೋಣೆಯಲ್ಲೇ ಇದ್ದ ಅವರ ಅಂಗಡಿ ತೋರಿಸುತ್ತಿದ್ದವು. ಟೈಲರ್ ಕೆಲಸದಲ್ಲೇ ಕೂದಲು ಹಣ್ಣಾದ ಮನುಷ್ಯ. ಅಂಗಿಯೋ ಪ್ಯಾಂಟೋ, ಅಳತೆ ಎಷ್ಟೇ ಬಂದಿರಲಿ, ಕತ್ತರಿ ಹಾಕುವಾಗ ಒಂದು ಬೆರಳು ಹೆಚ್ಚಿಗೆ ಬಿಟ್ಟೇ ಬಿಡುವವರು. "ಮೈ ಉಸಿರಾಡ್ಬೇಕು ಕಣ್ರೀ" ಅನ್ನುವುದು ಅವರ ಮಂತ್ರ. ಒಬ್ಬಳೇ ಮಗಳಿಗಂತೂ ಸ್ಕೂಲಿನ ಬಟ್ಟೆಯನ್ನು ಎರಡು ವರ್ಷ ಮುಂದಿನ ಮೈಗೆ ಹೊಲಿಯುತ್ತಿದ್ದರು. ಪಾಪ, ಆ ಹುಡುಗಿ ತೋಳು ಮಡಚಿಕೊಂಡೇ ಓದು ಮುಗಿಸಿದಳು.

ಈಗ ಆ ಮಗಳು ಬೈಕಿನಲ್ಲಿ ಔಷಧಿ ತಲುಪಿಸುವ ಕೆಲಸಕ್ಕೆ ಸೇರಿದ್ದಳು. ಹೆಲ್ಮೆಟ್ ಮಾತ್ರ ತಲೆಯ ಮೇಲಲ್ಲ, ಮೊಣಕೈಯಲ್ಲಿ! ಅಂಗಡಿಗೆ ಹೋಗಿ ಬೇರೆಯವನ್ನೂ ಹಾಕಿ ನೋಡಿದ್ದಳು, ಎಲ್ಲದರದೂ ಅದೇ ಗೋಳು. "ಹಣೆ ಒತ್ತತ್ತೆ, ಒಳಗೆ ಒಲೆ ಥರ ಕಾಯತ್ತೆ, ಬೆವರು ಕಣ್ಣಿಗಿಳಿಯತ್ತೆ. ಊರೊಳಗೆ ತಾನೆ, ಬಿಡಪ್ಪಾ." ಇಷ್ಟು ದಿನ ಅಪ್ಪ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು. ಆದರೆ ಬರುವ ಸೋಮವಾರದಿಂದ ಕಂಪನಿಯವರು ಅವಳನ್ನು ಹೆದ್ದಾರಿಯ ಕಡೆಗೆ ಹಾಕಿದ್ದರು. ಲಾರಿಗಳ ನಡುವೆ ಬರಿದಲೆಯಲ್ಲಿ ಮಗಳು! ಮಾಸ್ಟರಿಗೆ ಅನ್ನ ಇಳಿಯಲಿಲ್ಲ. ಬೈದು ನೋಡಿದರು, ಬೇಡಿಯೂ ನೋಡಿದರು. ಅಪ್ಪನ ಹಟವೆಲ್ಲ ಮಗಳಿಗೇ ಬಂದಿತ್ತಲ್ಲ, ಜಗ್ಗಲಿಲ್ಲ.

"ತಲೆಗೆ ಹಿಡಿಸೋ ಹಾಗಿದ್ರೆ ಹಾಕ್ಕೊಳ್ತೀನಿ. ಇಲ್ಲಾಂದ್ರೆ ಇಲ್ಲ."

"ಅಷ್ಟೇ ತಾನೆ? ಕೊಡು ಇಲ್ಲಿ!"

ಮಾಸ್ಟರು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಎದುರಿನ ಗ್ಯಾರೇಜಿಗೆ ಓಡಿದರು. ಗಾಳಿಯಾಡಲು ನಾಲ್ಕು ತೂತು ಕೊರೆದುಕೊಡು ಎಂದದ್ದೇ ತಡ, ಮೆಕ್ಯಾನಿಕ್ ಹೌಹಾರಿದ. "ಮಾಸ್ಟ್ರೇ, ತೂತು ಕೊರೆದ್ರೆ ಬಿದ್ದಾಗ ಮಡಕೆ ಥರ ಒಡೆಯತ್ತೆ! ಹೊರಗಿನ ಚಿಪ್ಪು, ಒಳಗಿನ ಥರ್ಮಾಕೋಲು, ಎರಡಕ್ಕೂ ಕೈ ಹಚ್ಚಬೇಡಿ. ಬಟ್ಟೆ, ಸ್ಪಂಜು ಬೇಕಾದ್ರೆ ನೋಡ್ಕೊಳ್ಳಿ."

ಬಟ್ಟೆ! ಅದು ಅವರದೇ ರಾಜ್ಯ. ಮನೆಗೆ ಬಂದು ಒಳಗಿನ ಅಸ್ತರು ಬಿಚ್ಚಿ ನೋಡುತ್ತಾರೆ, ಗಾಳಿಗೆಂದು ಮುಂದೆ ಕಂಡಿಗಳೇನೋ ಇವೆ, ಒಳಗಿನಿಂದ ದಪ್ಪ ಬಟ್ಟೆ ಅವಕ್ಕೆ ಅಡ್ಡ ಕೂತಿದೆ. "ನೋಡೇ, ಕಿಟಕಿ ಇಟ್ಟು ಅದರ ಮುಂದೆ ಗೋಡೆ ಕಟ್ಟಿದಾರೆ!" ಎಂದು ಹೆಂಡತಿಯನ್ನು ಕೂಗಿದರು. ಅಷ್ಟು ಜಾಗ ಕತ್ತರಿಸಿ ಜಾಲರಿ ಬಟ್ಟೆ ಕೂರಿಸಿದರು. ಹಣೆಯ ಸ್ಪಂಜನ್ನು ತೆಳ್ಳಗೆ ಮಾಡಿದರು. ಖುಷಿಗೆ ಕೈ ನಿಲ್ಲಲೇ ಇಲ್ಲ. ಕೆನ್ನೆಯ ಸ್ಪಂಜಿಗೂ ಕತ್ತರಿ ಹಾಕಿ, ಎರಡೂ ಕಡೆ ಒಂದೊಂದು ಬೆರಳು ಸಡಿಲ ಬಿಟ್ಟರು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ?

ಭಾನುವಾರ ಮಧ್ಯಾಹ್ನ ಮಗಳು ಹಾಕಿ ನೋಡಿದಳು. "ಅಪ್ಪಾ, ಹಣೆ ಒತ್ತಲ್ಲ!" ಅನ್ನುತ್ತ ಎಡಕ್ಕೆ ತಿರುಗಿದಳು. ಹೆಲ್ಮೆಟ್ ಮಾತ್ರ ನೆಟ್ಟಗೆ ಮುಂದಕ್ಕೇ ನೋಡುತ್ತಿತ್ತು.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡರು. "ಏನ್ರೀ, ಮುಂದಿನ ವರ್ಷ ತಲೆ ಬೆಳೆಯತ್ತೆ ಅಂತ ಬಿಟ್ರಾ?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದ ಮಾಸ್ಟರು ತಟ್ಟನೆ ನಗು ನಿಲ್ಲಿಸಿದರು. ಸಡಿಲ ಹೆಲ್ಮೆಟ್ ಇದ್ದೂ ಇಲ್ಲದ ಹಾಗೆ. ಕತ್ತರಿಸಿದ ಸ್ಪಂಜು ಮತ್ತೆ ಕೂಡುವುದಿಲ್ಲ, ನಾಳೆಯೇ ಸೋಮವಾರ. ಡಬ್ಬಿಗಳನ್ನೆಲ್ಲ ತಡಕಾಡಿದರು. ಕೋಟಿನ ಭುಜಕ್ಕೆ ಇಡುವ ಪ್ಯಾಡುಗಳು ಕೈಗೆ ಸಿಕ್ಕಿದ್ದೇ "ಸಿಕ್ತು ಕಣೇ!" ಎಂದು ಕುಣಿದುಬಿಟ್ಟರು. ಭುಜದ್ದು ಕೆನ್ನೆಗೆ ಬಂತು. ಅವರು ಅಭ್ಯಾಸಬಲದಿಂದ ದಾರ ಸಡಿಲ ಬಿಟ್ಟಾಗಲೆಲ್ಲ ಹೆಂಡತಿ ಪಕ್ಕದಲ್ಲಿ ಕೂತು "ಇನ್ನೂ ಎಳೀರಿ... ಇನ್ನೂ" ಎನ್ನುತ್ತಿದ್ದರು. ಕೊನೆಗೆ ಮಗಳು ತಲೆ ಆಡಿಸಿದರೆ ಹೆಲ್ಮೆಟ್ಟೂ, ಹೆಲ್ಮೆಟ್ ಆಡಿಸಿದರೆ ಕೆನ್ನೆಯೂ ಜೊತೆಗೇ ಅಲುಗಿದವು.

ಸೋಮವಾರ ಬೆಳಿಗ್ಗೆ ಅದನ್ನು ಹಾಕಿಕೊಂಡೇ ಹೊರಟಳು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. ತಿರುವು ದಾಟಿದ ಮೇಲೆ ಕಳಚಿ ಮೊಣಕೈಗೆ ಸಿಕ್ಕಿಸಿದಳೋ ಏನೋ! ಆ ಯೋಚನೆಯಲ್ಲಿ ಮಾಸ್ಟರು ಒಂದೇ ಅಂಗಿಗೆ ಎರಡೂ ಎಡಗೈ ತೋಳು ಹೊಲಿದಿಟ್ಟರು.

ಸಂಜೆ ಬೈಕಿನ ಸದ್ದು ಕೇಳಿ ಕತ್ತರಿ ಬಿಸಾಕಿ ಎದ್ದರು. ಮಗಳು ಧಡಧಡ ಒಳಗೆ ನುಗ್ಗಿದಳು. "ಅಮ್ಮಾ, ಎಂಥಾ ರಸ್ತೆ ಅಂತೀಯ! ಲಾರಿ ಪಕ್ಕದಲ್ಲಿ ಹೋದ್ರೆ ಬೈಕೇ ನಡುಗತ್ತೆ! ಆಮೇಲೆ ಸೇತುವೆ, ಆ ಗಾಳಿ! ನಾಳೆ ಇನ್ನೂ ಮುಂದಕ್ಕೆ ಕಳಿಸ್ತಾರಂತೆ!" ಮಾತು ಮುಗಿಯುವಂತೆಯೇ ಇರಲಿಲ್ಲ. ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಮಾಸ್ಟರು ಸುಮ್ಮನಿರು ಎಂದು ಕಣ್ಣಲ್ಲೇ ಸನ್ನೆ ಮಾಡಿ, ತಾವೇ ಲೋಟದಲ್ಲಿ ನೀರು ತಂದು ಮಗಳ ಕೈಗಿತ್ತರು.

ಅವಳು ಮಾತಿನ ಭರದಲ್ಲೇ ಲೋಟ ಎತ್ತಿದಳು. ಲೋಟ ಹೆಲ್ಮೆಟ್ಟಿನ ಗಾಜಿಗೆ ಟಕ್ಕೆಂದು ಬಡಿದು ನೀರೆಲ್ಲ ಮೈಮೇಲೆ ಚೆಲ್ಲಿತು.

"ಅಯ್ಯೋ, ತೆಗೆಯೋದೇ ಮರ್ತುಬಿಟ್ಟಿದೀನಲ್ಲ!"

ಮಾಸ್ಟರಿಗೆ ನಗು ಬಂತು. ಹತ್ತಿರ ಹೋಗಿ, ಅವಳು ಚಿಕ್ಕವಳಿದ್ದಾಗ ಅಂಗಿಯ ಗುಂಡಿ ಬಿಚ್ಚುತ್ತಿದ್ದ ಹಾಗೆ, ಗಲ್ಲದ ಕೆಳಗಿನ ಪಟ್ಟಿಯನ್ನು ತಾವೇ ಬಿಚ್ಚಿದರು.